ಅಂಗೈಯಗಲದ ಅಸುರರು

ವಿಜಯದಶಮಿಯ ರಾತ್ರಿ ಮಡಿಕೇರಿಯ ಬೀದಿಗಳಲ್ಲಿ ಹೊರಡುವ ಹತ್ತು ಮಂಟಪಗಳಲ್ಲಿ ನೋಡುವವರ ಕಣ್ಣು ಮೊದಲು ಹುಡುಕುವುದು ರಾಕ್ಷಸನನ್ನು. ಇದನ್ನು ಬಾಯಿಬಿಟ್ಟು ಹೇಳುವವರು ಕಡಮೆ. ಆದರೆ ಪೇಟೆ ಶ್ರೀರಾಮಮಂದಿರದ ಮಂಟಪವಾಗಲಿ, ಕೋಟೆ ಮಹಾಗಣಪತಿಯದಾಗಲಿ, ಕರವಲೆ ಭಗವತಿಯದಾಗಲಿ, ಎದುರಿಗೆ ಬಂದು ನಿಂತೊಡನೆ ತಂದೆಯ ಹೆಗಲೇರಿ ಕುಳಿತ ಮಗು ಬೆರಳೆತ್ತಿ ತೋರಿಸುವುದು ಕೋರೆದಾಡೆಯ ಆ ದೈತ್ಯನನ್ನೇ. ದೇವಿಯೂ ದೇವನೂ ಅವನ ಎದುರಾಳಿಗಳೆಂಬ ಕಾರಣದಿಂದ ಆಮೇಲೆ ಕಣ್ಣಿಗೆ ಬೀಳುತ್ತಾರೆ. ಅದೇ ಮಗು ಹಬ್ಬದ ಬೀದಿಯಂಗಡಿಯಲ್ಲಿ ಹಟ ಹಿಡಿದು ಕೊಳ್ಳುವುದೂ ಒಬ್ಬ ರಾಕ್ಷಸನನ್ನೇ. ಆದರೆ ಇವನು ನಾಲ್ಕಂಗುಲದ ಪ್ಲಾಸ್ಟಿಕ್ಕಿನವನು, ಹದಿನೆಂಟು ಪುರಾಣಗಳಲ್ಲಿ ಯಾವುದಕ್ಕೂ ಸೇರದವನು. ಈ ಎರಡನೆಯ ವರ್ಗದವರಲ್ಲಿ ಬಹುಕಾಲ ಮೆರೆದ ‘ಬೆನ್ ಟೆನ್’ ಎಂಬ ಕಾರ್ಟೂನು ಕಥೆಯ ಹತ್ತು ಕೀಲುಗೊಂಬೆಗಳು ಪ್ರಕೃತ ವಿಮರ್ಶೆಗೆ ವಿಷಯವಾಗಿವೆ. ಪ್ಲಾಸ್ಟಿಕ್ಕಿನ ಆಟದ ಸಾಮಾನಿಗೆ ವಿಮರ್ಶೆಯೇ ಎಂದು ಹುಬ್ಬೇರಿಸುವವರು ಇರಬಹುದು. ಮನೆಯ ಮಕ್ಕಳು ಕಾವ್ಯಕ್ಕಿಂತ ಮೊದಲು ಕೈಗೆತ್ತಿಕೊಳ್ಳುವ ಆಕೃತಿಗಳು ಇವೇ ಆಗಿರುವಾಗ, ಇವುಗಳ ಗುಣದೋಷಗಳನ್ನು ತೂಗಿ ನೋಡದೆ ಬಿಡುವುದು ಸರಿಯಲ್ಲ.

ಕಥೆಯನ್ನರಿಯದ ಹಿರಿಯ ವಾಚಕರಿಗಾಗಿ ಅದರ ಸಾರವನ್ನು ಹೇಳಬೇಕು. ಹತ್ತು ವರ್ಷದ ಬೆನ್ ಎಂಬ ಹುಡುಗ ಬೇಸಗೆಯ ರಜೆಯಲ್ಲಿ ತನ್ನ ಅಜ್ಜ ಮ್ಯಾಕ್ಸನೊಡನೆಯೂ, ಸೋದರಸಂಬಂಧಿ ಗ್ವೆನ್ ಎಂಬ ಹುಡುಗಿಯೊಡನೆಯೂ, ಮನೆಯಂತೆ ಸಜ್ಜುಗೊಳಿಸಿದ ಒಂದು ವಾಹನದಲ್ಲಿ ದೇಶಸಂಚಾರ ಹೊರಟಿರುತ್ತಾನೆ. ಆಕಾಶದಿಂದ ಬಿದ್ದ ಕೈಗಡಿಯಾರದಂತಹ ಯಂತ್ರವೊಂದು, ಓಮ್ನಿಟ್ರಿಕ್ಸ್ ಎಂದು ಅದರ ಹೆಸರು, ಅವನ ಮಣಿಕಟ್ಟಿಗೆ ಅಂಟಿಕೊಂಡು ಎಷ್ಟು ಎಳೆದರೂ ಕಳಚಿ ಬಾರದು. ಅದರ ಮುಖವನ್ನು ತಿರುಗಿಸಿ ಒತ್ತಿದರೆ ಹುಡುಗನು ಪರಲೋಕದ ಹತ್ತು ಜೀವಿಗಳಲ್ಲಿ ಒಂದರ ರೂಪವನ್ನು ತಾಳುತ್ತಾನೆ. ಒಂದು ಬೆಂಕಿಯ ಮೈಯದು, ಒಂದು ನಾಲ್ಕು ತೋಳಿನದು, ಒಂದು ಕಣ್ಣೇ ಇಲ್ಲದ್ದು, ಹೀಗೆ. ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ಸಂಸ್ಥೆ ೨೦೦೫ರ ಡಿಸೆಂಬರಿನಲ್ಲಿ ಇದನ್ನು ಆರಂಭಿಸಿತು. ಮೊದಲ ಮಾಲೆ ೨೦೦೮ರಲ್ಲಿ ಮುಗಿಯಿತು. ಗೊಂಬೆಗಳನ್ನು ಮಾಡಿದವರು ಜಪಾನಿನ ಬಂಡೈ ಸಂಸ್ಥೆಯವರು. ಇಂತಹವಕ್ಕೆ ಇಂಗ್ಲಿಷಿನಲ್ಲಿ ‘ಆಕ್ಷನ್ ಫಿಗರ್’ ಎಂಬ ಹೆಸರು ಹುಟ್ಟಿದ್ದು ೧೯೬೪ರಲ್ಲಿ. ಗೊಂಬೆ ಎಂದರೆ ಗಂಡುಹುಡುಗರು ಮುಟ್ಟಲಾರರೆಂದು ಅಂಜಿದ ಒಬ್ಬ ಅಮೆರಿಕನ್ ವರ್ತಕರ ಕೂಟ ಸಿಪಾಯಿಗೊಂಬೆಗೆ ಇಟ್ಟ ಹೆಸರದು. ನವರಾತ್ರಿಯಲ್ಲಿ ಮೆಟ್ಟಲು ಕಟ್ಟಿ ಗೊಂಬೆ ಕೂರಿಸುವ ನಾಡಿನಲ್ಲಿ ಈ ಸಂಕೋಚಕ್ಕೆ ಎಡೆಯಿಲ್ಲವಾದ್ದರಿಂದ ಇಲ್ಲಿ ಕೀಲುಗೊಂಬೆಯೆಂದೇ ಕರೆದರೆ ಸಾಕು.

ಈ ಗೊಂಬೆಗಳ ಮೇಲೆ ಸದ್ಗೃಹಸ್ಥರ ಮನೆಗಳಲ್ಲಿ ಕೇಳಿಬರುವ ಮೊದಲನೆಯ ಆಕ್ಷೇಪ, ಅವು ವಿಕಾರವಾಗಿವೆ, ನೋಡಿ ಮಕ್ಕಳು ಹೆದರುತ್ತವೆ ಅಥವಾ ಕೆಡುತ್ತವೆ, ಕೃಷ್ಣನ ಗೊಂಬೆಯನ್ನೋ ಆನೆಯ ಗೊಂಬೆಯನ್ನೋ ಕೊಡಬಾರದೇ ಎಂಬುದು. ಆಕ್ಷೇಪಿಸುವವರು ತಮ್ಮ ಮನೆಯ ರೂಢಿಯನ್ನೇ ಸ್ವಲ್ಪ ನೆನೆಯಬೇಕು. ಊಟ ಮಾಡದ ಕೂಸಿಗೆ ಗುಮ್ಮನನ್ನು ಕರೆಯುವುದು ಯಾವ ಮನೆಯಲ್ಲಿ ಇಲ್ಲ? ಪುರಂದರದಾಸರ ಒಂದು ಪದದಲ್ಲಿ ಸಾಕ್ಷಾತ್ ಬಾಲಕೃಷ್ಣನೇ ಗುಮ್ಮನಿಗೆ ಅಂಜಿ ತಾಯಿಯ ಮುಂದೆ ಅಂಗಲಾಚುತ್ತಾನೆ. ಗುಮ್ಮನ ಬಲವಿರುವುದು ಅವನಿಗೆ ಆಕಾರವಿಲ್ಲದಿರುವುದರಲ್ಲಿ. ಅವನು ಅಟ್ಟದ ಮೇಲಿರಬಹುದು, ಬಾಗಿಲ ಹಿಂದಿರಬಹುದು. ಎಷ್ಟು ದೊಡ್ಡವನೆಂದು ಯಾರೂ ಅಳೆದವರಿಲ್ಲ. ಅವನಿಗೆ ಒಂದು ಮೈ, ಒಂದು ಬಣ್ಣ, ಎಣಿಸಬಹುದಾದಷ್ಟು ಹಲ್ಲು ಕೊಟ್ಟು ಮಗುವಿನ ಅಂಗೈಯಲ್ಲಿಟ್ಟರೆ ಭಯ ಅಲ್ಲಿಗೆ ಅರ್ಧ ಕರಗುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಪ್ರಾಣಿಯಾದ ಮಗುವಿಗೆ ತನಗಿಂತ ಚಿಕ್ಕದೂ ಎಲ್ಲರಿಗಿಂತ ಭಯಂಕರವೂ ಆದ ವಸ್ತುವೊಂದು ವಶವಾದಾಗ ಆಗುವ ಹಿಗ್ಗು ಹಿರಿಯರಿಗೆ ಮರೆತುಹೋಗಿದೆ, ಅಷ್ಟೆ.

ಯಕ್ಷಗಾನದ ಬಣ್ಣದ ವೇಷವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ತೋರದು. ತೆಂಕುತಿಟ್ಟಿನಲ್ಲಿ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತ ಗಂಟೆಗಟ್ಟಲೆ ಕೂರಬೇಕಾದುದು ರಾಕ್ಷಸನ ಪಾತ್ರಧಾರಿಯೇ ಹೊರತು ರಾಮನ ಪಾತ್ರಧಾರಿಯಲ್ಲ. ಬಣ್ಣದ ಮಾಲಿಂಗನವರಂತಹವರು ಆ ವೇಷದಿಂದಲೇ ಹೆಸರಾದರು. ನಡುರಾತ್ರಿ ದೀವಟಿಗೆಯ ಬೆಳಕಿನಲ್ಲಿ, ರಾಳದ ಪುಡಿ ಭಗ್ಗನೆ ಹೊತ್ತಿಕೊಳ್ಳುತ್ತಿರಲು, ಜನರ ಹಿಂದಿನಿಂದ ಬೊಬ್ಬಿಡುತ್ತ ಬರುವ ಆ ವೇಷಕ್ಕೆ ಹೆದರಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿದ ಮಗುವೇ ಮರುದಿನ ಜಗಲಿಯ ಮೇಲೆ ಗೋಣಿಚೀಲ ಹೊದ್ದು ಬೊಬ್ಬಿಡುತ್ತದೆ. ಆದ್ದರಿಂದ ವಿಕಾರವೆಂಬ ಆಕ್ಷೇಪವನ್ನು ಇಲ್ಲಿಗೆ ಬಿಡಬಹುದು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೆ ಇದೆ. ಪುರಾಣದ ರಾಕ್ಷಸನೆಂದರೆ ಬರಿಯ ಕೋರೆಹಲ್ಲಲ್ಲ. ವರ ಮತ್ತು ಆ ವರದಲ್ಲಿ ಉಳಿದ ಒಂದು ಛಿದ್ರ, ಇವೆರಡೂ ಸೇರಿ ಒಬ್ಬ ರಾಕ್ಷಸ. ಹಿರಣ್ಯಕಶಿಪು ಒಳಗೂ ಹೊರಗೂ, ಹಗಲೂ ಇರುಳೂ ಸಾವು ಬಾರದಂತೆ ಬೇಡಿದನು. ಹೊಸ್ತಿಲೂ ಮುಸ್ಸಂಜೆಯೂ ಉಳಿದವು. ರಾವಣನು ಮನುಷ್ಯರನ್ನೂ ವಾನರರನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ, ಮಹಿಷನು ಹೆಣ್ಣನ್ನು ಹಿಡಿಯಲಿಲ್ಲ. ಕಥೆ ಕೇಳುವ ಮಗು ರಾಕ್ಷಸನ ಬಲವನ್ನು ಕೇಳಿ ಬೆರಗಾಗುತ್ತಲೇ ಆ ಛಿದ್ರವೆಲ್ಲಿ ಎಂದು ಹುಡುಕುತ್ತಿರುತ್ತದೆ. ಹಾಗೆ ನೋಡಿದರೆ ಬೆನ್ ಟೆನ್ ಕಥೆಯನ್ನು ಕಟ್ಟಿದವರು ದಡ್ಡರಲ್ಲ. ಅಲ್ಲಿ ರಾಕ್ಷಸರೂಪವನ್ನು ತಾಳುವವನು ಶತ್ರುವಲ್ಲ, ನಾಯಕನಾದ ಹುಡುಗನೇ. ಅಂದರೆ ಅವನು ಮಾರೀಚನಂತೆ ಕಾಮರೂಪಿ. ಆದರೆ ಅವನ ವರದಲ್ಲಿಯೂ ಛಿದ್ರವುಂಟು. ತಾಳಿದ ರೂಪ ಕೆಲವೇ ನಿಮಿಷ ನಿಲ್ಲುತ್ತದೆ. ಕಾಲ ಮುಗಿದೊಡನೆ ಯಂತ್ರ ಕೆಂಪಾಗಿ ಮಿನುಗಿ, ಯುದ್ಧದ ನಡುವೆಯೇ ದೈತ್ಯನು ಬರಿಗೈಯ ಹುಡುಗನಾಗಿ ನಿಲ್ಲುತ್ತಾನೆ. ಎಷ್ಟೋ ಸಲ ಅವನು ಬೇಡಿದ ರೂಪ ಒಂದು, ಯಂತ್ರ ಕೊಡುವ ರೂಪ ಇನ್ನೊಂದು. ಮಕ್ಕಳು ಆ ಕಥೆಗೆ ಮರುಳಾದುದು ಈ ಛಿದ್ರಕ್ಕಾಗಿಯೇ ಎಂದರೆ ತಪ್ಪಾಗದು.

ಈಗ ಗೊಂಬೆಗಳನ್ನೇ ನೋಡೋಣ. ಹತ್ತರಲ್ಲಿ ಹೆಚ್ಚು ಜನಪ್ರಿಯನಾದವನು ‘ಫೋರ್ ಆರ್ಮ್ಸ್’, ಅಂದರೆ ನಾಲ್ತೋಳ. ಕೆಂಪು ಮೈ, ನಾಲ್ಕು ಕಣ್ಣು, ನಾಲ್ಕು ತೋಳು. ಭರತಮುನಿ ರೌದ್ರರಸಕ್ಕೆ ಕೆಂಪು ಬಣ್ಣವನ್ನು ಹೇಳಿ, ಆ ರಸವನ್ನು ವಿಶೇಷವಾಗಿ ರಾಕ್ಷಸದಾನವರಿಗೆ ಸಲ್ಲಿಸಿದ್ದಾನೆ. ಆ ಮಟ್ಟಿಗೆ ಅರಿಯದೆಯೇ ಸರಿಯಾದ ಬಣ್ಣ ಬಿದ್ದಿದೆ. ಆದರೆ ತೋಳುಗಳ ವಿಷಯದಲ್ಲಿ ಈ ನಾಡಿನ ಕಣ್ಣಿಗೆ ಒಂದು ಕೊರತೆ ಕಾಣದಿರದು. ಚತುರ್ಭುಜನಾದ ವಿಷ್ಣುವಿನ ಒಂದು ಕೈಯಲ್ಲಿ ಶಂಖ, ಒಂದರಲ್ಲಿ ಚಕ್ರ, ಒಂದರಲ್ಲಿ ಗದೆ, ಒಂದರಲ್ಲಿ ಪದ್ಮ. ಕೈ ಹೆಚ್ಚಾದುದು ಕೆಲಸ ಬೇರೆಬೇರೆಯಾದುದರಿಂದ. ರಾವಣನ ಇಪ್ಪತ್ತು ಕೈಗಳಿಗೂ ಚಿತ್ರಗಾರನು ಇಪ್ಪತ್ತು ಆಯುಧಗಳನ್ನು ಹುಡುಕಿ ಕೊಡುತ್ತಾನೆ. ನಾಲ್ತೋಳನ ನಾಲ್ಕು ಕೈಗಳಿಗೂ ಒಂದೇ ಕೆಲಸ, ಗುದ್ದುವುದು. ಕಾರ್ಟೂನಿನಲ್ಲಿ ಅವನು ಹನ್ನೆರಡು ಅಡಿಯ ಆಳು. ಗೊಂಬೆಗಳ ಸಾಲಿನಲ್ಲಾದರೋ ಎಲ್ಲರೂ ಹೆಚ್ಚುಕಡಮೆ ಒಂದೇ ಅಳತೆಯವರಾದುದರಿಂದ, ಹುಡುಗನ ಪಕ್ಕದಲ್ಲಿ ನಿಲ್ಲಿಸಿದಾಗ ಆ ಭೀಮಕಾಯನ ಅರ್ಧ ಮಹಿಮೆ ಇಳಿದುಹೋಗುತ್ತದೆ. ಇದೇ ದೋಷ ‘ಗ್ರೇ ಮ್ಯಾಟರ್’ ಎಂಬ ಕಪ್ಪೆಯಂತಹ ಜೀವಿಗೆ ತಿರುಗುಮುರುಗಾಗಿ ತಗಲಿದೆ. ಅವನು ಗೇಣುದ್ದವೂ ಇಲ್ಲದ ಬುದ್ಧಿವಂತ, ವಾಮನನ ಜಾತಿಯವನು. ಉಳಿದವರಷ್ಟೇ ಎತ್ತರ ಮಾಡಿದರೆ ವಾಮನನನ್ನು ಬಲಿಯ ಹೆಗಲಿಗೆ ಸಮನಾಗಿ ನಿಲ್ಲಿಸಿದಂತಾಗುತ್ತದೆ.

‘ಹೀಟ್‌ಬ್ಲಾಸ್ಟ್’ ಎಂಬ ಅಗ್ನಿದೇಹಿಯದು ಬೇರೆ ಕಷ್ಟ. ಪರದೆಯ ಮೇಲೆ ಅವನ ತಲೆಯ ಜ್ವಾಲೆ ಸದಾ ಕುಣಿಯುತ್ತಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದಾಗ ಅದು ಮೊಳೆತ ಈರುಳ್ಳಿಯಂತೆ ನೆಟ್ಟಗೆ ನಿಂತುಬಿಟ್ಟಿದೆ. ಬೆಂಕಿಯನ್ನು ಎರಕದಲ್ಲಿ ಹಿಡಿಯುವ ಕಷ್ಟವನ್ನು ನಟರಾಜನ ಪ್ರಭಾವಳಿಯನ್ನು ಎರಕ ಹೊಯ್ದ ಸ್ಥಪತಿಗಳೂ ಅನುಭವಿಸಿದರು. ಅವರು ಒಂದೊಂದು ಜ್ವಾಲೆಯನ್ನೂ ಚಿಕ್ಕದು ಮಾಡಿ, ಸುತ್ತಲೂ ಓಡಿಸಿ, ನೋಡುವವನ ಕಣ್ಣನ್ನು ಸುತ್ತಿಸಿ ಆ ಕಷ್ಟವನ್ನು ದಾಟಿದರು. ‘ಡೈಮಂಡ್‌ಹೆಡ್’ ಎಂಬ ವಜ್ರಕಾಯನು ಅಚ್ಚಿಗೆ ಒಗ್ಗಿದ್ದಾನೆ, ಮೈಯೆಲ್ಲ ಕೋನಗಳೇ ಆದುದರಿಂದ. ಓಟಕ್ಕೆ ಹೆಸರಾದ ‘ಎಕ್ಸ್‌ಎಲ್‌ಆರ್‌ಎಯ್ಟ್’ ನಿಂತಲ್ಲಿಯೇ ನಿಲ್ಲುವುದನ್ನು ಕಂಡರೆ ಅನುಕಂಪವಾಗುತ್ತದೆ. ಮೀನಿನ ದವಡೆಯ ‘ರಿಪ್‌ಜಾಸ್’, ಯಂತ್ರಗಳಲ್ಲಿ ಪರಕಾಯಪ್ರವೇಶ ಮಾಡುವ ‘ಅಪ್‌ಗ್ರೇಡ್’, ದುರ್ಗಂಧವೇ ಆಯುಧವಾದ ‘ಸ್ಟಿಂಕ್‌ಫ್ಲೈ’ ಎಂಬ ನೊಣ, ಇವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕೊನೆಯವನಲ್ಲಿ ಬೀಭತ್ಸವನ್ನು ತರುವ ಉದ್ದೇಶವಿತ್ತು. ಪ್ಲಾಸ್ಟಿಕ್ಕಿಗೆ ವಾಸನೆಯಿಲ್ಲದುದರಿಂದ ಮನೆಯವರು ಬದುಕಿದರು.

‘ಘೋಸ್ಟ್‌ಫ್ರೀಕ್’ ಎಂಬ ಒಕ್ಕಣ್ಣಿನ ಭೂತದ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು. ಬೂದುಬಣ್ಣದ ಮೈ, ಆ ಮೈಮೇಲೆ ಕಪ್ಪು ಗೆರೆಗಳು, ಅವುಗಳ ಮೇಲೆ ಒಂದೇ ಕಣ್ಣು ಅತ್ತಿತ್ತ ಹರಿದಾಡುತ್ತದೆ. ಕಥೆಯ ಎರಡನೆಯ ಭಾಗದಲ್ಲಿ ಈ ರೂಪವು ಹುಡುಗನ ವಶ ತಪ್ಪಿ, ಯಂತ್ರದಿಂದ ಹೊರಬಿದ್ದು, ಅವನಿಗೇ ವೈರಿಯಾಗುತ್ತದೆ. ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಬಂದ ಭಸ್ಮಾಸುರನನ್ನು ಬಲ್ಲ ಮನೆಗಳಲ್ಲಿ ಈ ಕಥೆಗೆ ಅರ್ಥ ಹೇಳಿಕೊಡಬೇಕಾದುದಿಲ್ಲ. ಹತ್ತು ಕಥೆಗಳಲ್ಲಿ ನಿಜವಾಗಿ ಭಯಾನಕವಾದುದು ಇದೊಂದೇ, ಏಕೆಂದರೆ ಇಲ್ಲಿ ರಾಕ್ಷಸನು ಹೊರಗಿನಿಂದ ಬಂದವನಲ್ಲ, ಹುಡುಗನು ತಾನೇ ಉಟ್ಟುಕೊಂಡಿದ್ದವನು. ಗೊಂಬೆಯಲ್ಲಿ ಹರಿದಾಡಬೇಕಾದ ಕಣ್ಣು ಒಂದೆಡೆ ಅಂಟಿ ಕೂತಿದೆ. ಬೂದುಬಣ್ಣ ಭರತನ ಮತದಲ್ಲಿ ಕರುಣರಸದ್ದೆಂಬುದನ್ನು ನೆನೆದರೆ, ಈ ಬಡಭೂತವನ್ನು ಕಂಡು ಭಯಕ್ಕಿಂತ ಮರುಕ ಹುಟ್ಟುವುದಕ್ಕೆ ಶಾಸ್ತ್ರದ ಸಮ್ಮತಿಯೂ ದೊರೆತಂತಾಯಿತು.

ಒಟ್ಟಿನಲ್ಲಿ ಈ ಹತ್ತೂ ಗೊಂಬೆಗಳಲ್ಲಿರುವ ಮುಖ್ಯ ದೋಷ ಒಂದೇ. ಕಥೆಯ ಜೀವವಾದ ರೂಪಾಂತರ ಗೊಂಬೆಗಳಲ್ಲಿ ಎಲ್ಲಿಯೂ ಇಲ್ಲ. ನಾಲ್ತೋಳ ಯಾವಾಗಲೂ ನಾಲ್ತೋಳ, ಹುಡುಗ ಯಾವಾಗಲೂ ಹುಡುಗ. ಒಬ್ಬನು ಇನ್ನೊಬ್ಬನಾಗುವ ಗಳಿಗೆಯನ್ನೂ, ಕಾಲ ಮುಗಿದು ಬರಿಗೈಯಾಗುವ ಗಳಿಗೆಯನ್ನೂ ಹಿಡಿದ ಗೊಂಬೆಯಿಲ್ಲ. ಇದು ಅಸಾಧ್ಯವೆನ್ನುವವರು ಮಹಿಷಮರ್ದಿನಿಯ ಶಿಲ್ಪಗಳನ್ನು ಕ್ರಮವಾಗಿ ನೋಡಬೇಕು. ದೇವೀಮಾಹಾತ್ಮ್ಯದ ಮಹಿಷನೂ ಕಾಮರೂಪಿ. ಕೋಣ, ಸಿಂಹ, ಖಡ್ಗಧಾರಿಯಾದ ಪುರುಷ, ಆನೆ, ಮತ್ತೆ ಕೋಣ, ಹೀಗೆ ರೂಪ ಬದಲಿಸುತ್ತ ಹೋಗಿ, ಕೊನೆಗೆ ಕೋಣದ ಬಾಯಿಂದ ಅರ್ಧ ಹೊರಬಂದಾಗ ಸಾಯುತ್ತಾನೆ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಶಿಲ್ಪಿ ಅವನನ್ನು ಪೂರ್ಣ ಕೋಣವಾಗಿಯೇ ಕಡೆದನು. ಮಾಮಲ್ಲಪುರದಲ್ಲಿ ಮನುಷ್ಯನ ಮೈಗೆ ಕೋಣನ ತಲೆ ಬಂದಿತು. ಹೊಯ್ಸಳರ ಕಾಲದ ಶಿಲ್ಪಗಳಲ್ಲಿ ಕೋಣದ ದೇಹದಿಂದ ಅರ್ಧ ಹೊರಬಿದ್ದ ಪುರುಷನನ್ನು ಕಾಣುತ್ತೇವೆ. ಮೊದಲಿನೆರಡರಲ್ಲಿ ರಾಕ್ಷಸನ ಗುರುತು ಮಾತ್ರವಿದೆ, ಮೂರನೆಯದರಲ್ಲಿ ಅವನ ಕಥೆಯಿದೆ. ಅವನು ರೂಪ ಬದಲಿಸುವ ನಡುಗಳಿಗೆಯೇ ಅವನ ಛಿದ್ರ. ದೇವಿಯ ಶೂಲ ನಾಟುವುದೂ ಅಲ್ಲಿಯೇ. ಮೈಸೂರಿನ ಚಾಮುಂಡಿಬೆಟ್ಟದ ಮೇಲೆ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಹಾವು ಹಿಡಿದು ಮೀಸೆ ಹೊತ್ತು ನಿಂತ ಬಣ್ಣದ ಮಹಿಷಾಸುರನನ್ನು ನೋಡದ ಮಕ್ಕಳಿಲ್ಲ. ಅವನಲ್ಲಿ ಕೋಣವೂ ಇಲ್ಲ, ಎದುರಿಗೆ ದೇವಿಯೂ ಇಲ್ಲ. ಆದುದರಿಂದಲೇ ಅವನು ಯಾರೂ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳಬಹುದಾದ ಸಾಧುವಾಗಿದ್ದಾನೆ. ಪ್ಲಾಸ್ಟಿಕ್ಕಿನ ಹತ್ತು ಮಂದಿ ಅವನ ವಂಶದವರು.

ಹಾಗಾದರೆ ಮಡಿಕೇರಿಯ ಮಂಟಪಗಳ ರಾಕ್ಷಸರೇ ಮೇಲೆಂದು ತೀರ್ಮಾನಿಸಬಹುದೇ? ಅಲ್ಲಿ ಸಂಹಾರದ ಕಥೆಯಿದೆ, ದೇವರಿದ್ದಾನೆ, ಸಾವಿದೆ. ನಾಲ್ಕು ಶಕ್ತಿದೇವತೆಗಳ ಕರಗಗಳೊಡನೆ ಆರಂಭವಾಗುವ ಉತ್ಸವದ ಕೊನೆಯ ರಾತ್ರಿ, ಟ್ರಾಕ್ಟರುಗಳ ಮೇಲೆ ಸಾಗುವ ಈ ಕಲಾಕೃತಿಗಳಿಗೆ ತಿಂಗಳುಗಟ್ಟಲೆ ದುಡಿಯುವ ಯುವಕರ ಶ್ರದ್ಧೆಗೆ ಬೆಲೆ ಕಟ್ಟಲಾಗದು. ಯಂತ್ರದ ಬಲದಿಂದ ಆಳೆತ್ತರಕ್ಕೂ ಮಿಕ್ಕ ಅಸುರನು ಕೈ ಬೀಸುತ್ತಾನೆ, ಕತ್ತು ಹೊರಳಿಸುತ್ತಾನೆ, ದೇವಿ ಮುಂದಕ್ಕೆ ಬಾಗಿ ತಿವಿಯುತ್ತಾಳೆ, ಹೊಗೆ ಏಳುತ್ತದೆ, ದೀಪಗಳು ಬಣ್ಣ ಬದಲಿಸುತ್ತವೆ. ಬಹುಮಾನವೂ ಇರುವುದರಿಂದ ಒಂದು ಮಂಟಪದ ಅಸುರನಿಗಿಂತ ಇನ್ನೊಂದರವನು ಎತ್ತರವಾಗುವುದು, ಒಂದರ ಧ್ವನಿವರ್ಧಕಕ್ಕಿಂತ ಇನ್ನೊಂದರದು ಜೋರಾಗುವುದು ಸಹಜ. ಆದರೆ ಕೆಲವು ಮಂಟಪಗಳೆದುರು ನಿಂತಾಗ ಒಂದು ಸಂಗತಿ ಎದೆಗೆ ನಾಟುತ್ತದೆ, ಅಕ್ಷರಶಃ ನಾಟುತ್ತದೆ, ಏಕೆಂದರೆ ಸದ್ದು ಎದೆಗೂಡಿನಲ್ಲಿಯೇ ಗುಡುಗುತ್ತಿರುತ್ತದೆ: ಆ ಗದ್ದಲದಲ್ಲಿ ಅಜ್ಜನು ಮೊಮ್ಮಗನಿಗೆ ಇವನಾರು, ಏನು ವರ ಬೇಡಿದ್ದನು ಎಂದು ಹೇಳುವಂತಿಲ್ಲ, ಮೊಮ್ಮಗನು ಕೇಳುವಂತಿಲ್ಲ. ಕೈಯಾಡಿಸುವುದು, ಗರ್ಜಿಸುವುದು, ಸಾಯುವುದು ಎಲ್ಲವನ್ನೂ ಯಂತ್ರವೇ ಮಾಡಿ ಮುಗಿಸುತ್ತದೆ. ಭಯಾನಕಕ್ಕೂ ಕಿವಿಗಡಚಿಕ್ಕುವುದಕ್ಕೂ ಇರುವ ಭೇದವನ್ನು ತೆರೆಕಟ್ಟುವ ಕಲಾವಿದರು ಬಲ್ಲರು. ಕೊಡಗಿನ ಊರುಗಳಲ್ಲಿ ವಿಷ್ಣುಮೂರ್ತಿಯ ತೆರೆ ಕೆಂಡದ ರಾಶಿಗೆ ಹಾರುವ ಮುನ್ನ ಒಂದು ಕ್ಷಣ ಜನವೆಲ್ಲ ಉಸಿರು ಬಿಗಿಹಿಡಿಯುವುದುಂಟು. ಮಂಟಪಗಳಲ್ಲಿ ಆ ಕ್ಷಣಕ್ಕೆ ಎಡೆ ಸಿಕ್ಕುವುದು ಅಪೂರ್ವ.

ಇಲ್ಲಿ ಅಂಗೈಯಗಲದ ಅಸುರನು ಒಂದು ಹೆಜ್ಜೆ ಮುಂದಾಗುತ್ತಾನೆ. ಅವನ ಭುಜದಲ್ಲಿ, ತೊಡೆಯ ಸಂದಿನಲ್ಲಿ ಕೀಲುಗಳಿವೆ. ಅವುಗಳನ್ನು ತಿರುಗಿಸಲು ಮಗುವಿನ ಬೆರಳೇ ಬೇಕು. ಅವನಿಗೆ ಸ್ವರವಿಲ್ಲ, ಮಗುವೇ ಗರ್ಜಿಸಬೇಕು. ನಾಲ್ತೋಳನು ಗೆಲ್ಲುವನೋ ಸೋಲುವನೋ ಎಂಬುದು ಕಟ್ಟೆಯ ಮೇಲೆ ಆ ಮಧ್ಯಾಹ್ನವೇ ತೀರ್ಮಾನವಾಗಬೇಕು. ತಯಾರಕರು ಮರೆತ ಛಿದ್ರವನ್ನು ಎಷ್ಟೋ ಮಕ್ಕಳು ತಾವೇ ತುಂಬಿಕೊಳ್ಳುವುದನ್ನು ಕಾಣಬಹುದು. ಒಂದು ಕೈಯಲ್ಲಿ ದೈತ್ಯ, ಬೆನ್ನ ಹಿಂದೆ ಇನ್ನೊಂದು ಕೈಯಲ್ಲಿ ಹುಡುಗನ ಗೊಂಬೆ. ಬಾಯಲ್ಲಿ ಯಂತ್ರದ ಸದ್ದು ಮಾಡಿ ಕೈ ಬದಲಿಸಿದರೆ ರೂಪಾಂತರವಾಯಿತು. ಚನ್ನಪಟ್ಟಣದ ಕುಶಲಿಗಳು ತಿರುಗಣೆಯ ಮೇಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಗೊಂಬೆಗಳಿಗೂ ಈ ಗುಣವೇ ಆಧಾರ. ಆದರೆ ತಿರುಗಣೆ ಎಲ್ಲವನ್ನೂ ಗುಂಡಗೆ ಮಾಡುವುದರಿಂದ ಅಲ್ಲಿ ಹುಟ್ಟುವ ರಾಕ್ಷಸನು ಸಾಮಾನ್ಯವಾಗಿ ಗುಂಡುಹೊಟ್ಟೆಯ ಸೌಮ್ಯನಾಗಿಬಿಡುತ್ತಾನೆ. ಕೋರೆಹಲ್ಲಿಗೆ ಉಳಿಯ ಕೆಲಸ ಬೇಕು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಗುರ ಮರವನ್ನು ಕೆತ್ತಿ ಬಣ್ಣವಿಡುವ ಚಿತ್ರಗಾರರು ಆ ಕೆಲಸವನ್ನು ಬಲ್ಲರು. ಅವರ ಕೈಯಿಂದ ಕೀಲುಳ್ಳ ಒಬ್ಬ ಮಹಿಷ, ಕೋಣನ ಮುಖವಾಡವನ್ನು ಕಳಚಿದರೆ ಒಳಗೆ ಮನುಷ್ಯ, ಬಂದರೆ ನಾಲ್ತೋಳನಿಗೆ ಅಂಗಡಿಯಲ್ಲಿ ತಕ್ಕ ಎದುರಾಳಿ ಸಿಕ್ಕಿದಂತಾಗುತ್ತಿತ್ತು.

ವ್ಯಾಪಾರದ ಕಡೆ ಒಂದು ಮಾತು. ರಕ್ತಬೀಜನ ಒಂದೊಂದು ತೊಟ್ಟು ನೆತ್ತರಿಗೂ ಒಬ್ಬ ರಕ್ತಬೀಜ ಹುಟ್ಟಿದಂತೆ, ಈ ಕಥೆಯೂ ೨೦೦೮ರಲ್ಲಿ, ೨೦೧೦ರಲ್ಲಿ, ೨೦೧೨ರಲ್ಲಿ, ೨೦೧೬ರಲ್ಲಿ ಬೇರೆಬೇರೆ ಹೆಸರುಗಳಿಂದ ಮರುಹುಟ್ಟು ಪಡೆಯಿತು. ಪ್ರತಿ ಸಲವೂ ಹೊಸ ಅಸುರರು, ಹೊಸ ಗೊಂಬೆಗಳು. ೨೦೨೧ರಲ್ಲಿ ಕೊನೆಯ ಮಾಲೆ ನಿಂತಿತು. ಹತ್ತರ ನಂತರ ಬಂದವರಲ್ಲಿ ನೆನಪಿಡತಕ್ಕವರು ಕಡಮೆ. ಹತ್ತು ಎಂಬುದು ಮಗುವಿನ ಬೆರಳೆಣಿಕೆಗೆ ಸಿಗುವ ಸಂಖ್ಯೆ. ದಶಾವತಾರವನ್ನೂ ದಶಕಂಠನನ್ನೂ ಮಕ್ಕಳು ಬಾಯಿಪಾಠ ಮಾಡಬಲ್ಲವು, ಅದರಾಚೆ ಪಟ್ಟಿಯಾಗುತ್ತದೆ. ಬೀದಿಯಂಗಡಿಗಳಲ್ಲಿ ಸಿಗುವ ಅಗ್ಗದ ಅನುಕರಣಗಳ ವಿಷಯದಲ್ಲಿ ಮನೆಯವರು ಎಚ್ಚರದಿಂದಿರಬೇಕು. ೨೦೨೧ರ ಜನವರಿ ೧ರಿಂದ ಭಾರತದಲ್ಲಿ ಮಾರುವ ಆಟದ ಸಾಮಾನುಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಗುರುತಿಲ್ಲದ ಗೊಂಬೆಯ ಬಣ್ಣದಲ್ಲಿ ಏನಿದೆಯೆಂದು ಬಲ್ಲವರಿಲ್ಲ, ಅಸುರನನ್ನು ಮೊದಲು ಬಾಯಿಗಿಟ್ಟು ನೋಡುವ ವಯಸ್ಸಿನ ಮಕ್ಕಳೂ ಮನೆಗಳಲ್ಲಿರುತ್ತವೆ.

ಹತ್ತರಲ್ಲಿ ಒಂದನ್ನೇ ಆರಿಸಬೇಕಾದರೆ ‘ವೈಲ್ಡ್‌ಮಟ್’ ಎಂಬುವನನ್ನು ಆರಿಸುವುದು ಲೇಸು. ಕಿತ್ತಳೆ ಬಣ್ಣದ, ನಾಯಿಯನ್ನು ಹೋಲುವ ಮೃಗ, ಹಲ್ಲುಗಳುಂಟು, ಕಣ್ಣುಗಳಿಲ್ಲ. ವಾಸನೆಯಿಂದಲೂ ಸದ್ದಿನಿಂದಲೂ ಜಗತ್ತನ್ನರಿಯುತ್ತಾನೆ, ಮಾತು ಬಾರದು. ಬೇರೆ ಗೊಂಬೆಗಳಲ್ಲಿ ಎರಕದಿಂದ ನಷ್ಟವಾದುದು ಇವನಲ್ಲಿ ನಷ್ಟವಾಗಿಲ್ಲ, ಏಕೆಂದರೆ ಇವನ ಭೀಕರತೆಯಿರುವುದು ಇರಬೇಕಾದುದು ಇಲ್ಲದಿರುವುದರಲ್ಲಿ. ಕಣ್ಣಿರಬೇಕಾದ ಆ ನುಣುಪಾದ ಜಾಗವನ್ನು ಪ್ಲಾಸ್ಟಿಕ್ಕು ಕಲ್ಲಿನಷ್ಟೇ ಚೆನ್ನಾಗಿ ತೋರಿಸುತ್ತದೆ. ಮಾತು ಬಾರದವನಾದುದರಿಂದ ಅವನು ಏನು ಹೇಳಬಯಸುತ್ತಾನೆಂಬುದನ್ನು ಮಗುವೇ ಮನೆಯವರಿಗೆ ತಿಳಿಯಹೇಳಬೇಕಾಗುತ್ತದೆ. ಒಂದು ದಿನ ಅವನಿಗೆ ಹಸಿವು, ಇನ್ನೊಂದು ದಿನ ಕೋಪ, ಮಳೆ ಬಿಡದ ಆಷಾಢದಲ್ಲಿ ಹಲವು ದಿನ ಬರಿಯ ಬೇಸರ.